ಎರಡೂವರೆ ಕೊಡಗಿನಷ್ಟು ಉಪ್ಪು

ನಾನು, ಹೆಂಡತಿ, ಭಾವ ಮೂವರೂ ದಕ್ಷಿಣ ಅಮೆರಿಕದ ಬೊಲಿವಿಯಾದ ಸಲಾರ್ ದೆ ಉಯುನಿಗೆ ಹೋಗಿ ಬಂದೆವು ಎಂದಾಗ ಸೋಮವಾರಪೇಟೆಯಲ್ಲಿ ಎಲ್ಲರೂ ಕೇಳಿದ್ದು ಖರ್ಚು ಎಷ್ಟಾಯಿತು ಅಂತ. ನನ್ನ ತಲೆ ತಿಂದದ್ದು ಖರ್ಚಲ್ಲ, ಎತ್ತರ. ಅದನ್ನೇ ಜಾಸ್ತಿ ಬರೆಯುತ್ತೇನೆ.

ಉಯುನಿ ಎಂದರೆ ಹತ್ತು ಸಾವಿರ ಚದರ ಕಿಲೋಮೀಟರ್‌ಗೂ ಮಿಕ್ಕಿದ ಉಪ್ಪಿನ ಬಯಲು. ನಮ್ಮ ಇಡೀ ಕೊಡಗು ಜಿಲ್ಲೆ 4,102 ಚದರ ಕಿಲೋಮೀಟರ್. ಎರಡೂವರೆ ಕೊಡಗನ್ನು ಪಕ್ಕಪಕ್ಕ ಇಟ್ಟು, ಗುಡ್ಡ ಕಣಿವೆಗಳನ್ನೆಲ್ಲ ಸಮ ಮಾಡಿ, ಮೇಲೆ ಉಪ್ಪು ಸುರಿದ ಹಾಗೆ. ಇಷ್ಟು ಅಗಲಕ್ಕೂ ಏರಿಳಿತ ಒಂದು ಮೀಟರಿನ ಆಸುಪಾಸು ಅಷ್ಟೇ. ಹಾಕಿ ಆಡಲು ಮೈದಾನ ಬೇಕೆಂದರೆ ಗುಡ್ಡ ಕಡಿಯುವ ಊರಿನವರು ನಾವು, ನಂಬುವುದು ಹೇಗೆ? ಸಾವಿರಾರು ವರ್ಷಗಳ ಹಿಂದೆ ಅಲ್ಲಿ ದೊಡ್ಡ ದೊಡ್ಡ ಸರೋವರಗಳಿದ್ದವು. ನೀರು ಆರಿತು, ಉಪ್ಪು ಉಳಿಯಿತು.

ಮೊದಲ ತಲೆಬಿಸಿ ಯಾವ ತಿಂಗಳು ಹೋಗುವುದು ಎಂಬುದು. ಎಲ್ಲರೂ ಫೋಟೋದಲ್ಲಿ ನೋಡುವ ಆ ಕನ್ನಡಿ, ಅಂದರೆ ಆಕಾಶವೇ ನೆಲಕ್ಕಿಳಿದಂತೆ ಕಾಣುವುದು, ಮಳೆ ನೀರು ತೆಳ್ಳಗೆ ನಿಂತಾಗ ಮಾತ್ರ. ಅಲ್ಲಿ ಮಳೆಗಾಲ ಡಿಸೆಂಬರ್‌ನಿಂದ ಮಾರ್ಚ್. ನಮ್ಮ ತೋಟದಲ್ಲಿ ಆಗಲೇ ಕಾಫಿ ಕೊಯ್ಲು. ಕಣದಲ್ಲಿ ಹಣ್ಣು ಹರಡಿ ಬಿಟ್ಟು ಬೊಲಿವಿಯಾಕ್ಕೆ ಹೊರಟರೆ ಅಮ್ಮ ಮನೆಗೆ ಸೇರಿಸುತ್ತಿರಲಿಲ್ಲ. ಜೂನ್, ಜುಲೈ ಅಂದರೆ ಅಲ್ಲಿ ಕೊರೆಯುವ ಚಳಿ, ರಾತ್ರಿ ಮೈನಸ್ ಹತ್ತಕ್ಕಿಂತ ಕೆಳಗೆ. ಕೊನೆಗೆ ಕಾಫಿ ಹೂ ಅರಳಿಸುವ ಮಳೆ ಮುಗಿದು, ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವ ಮುಂಚೆ ಸಿಗುವ ಏಪ್ರಿಲ್ ಮೂರನೇ ವಾರ ಹಿಡಿದೆವು. ಕನ್ನಡಿ ಹೋಯಿತು. ಆದರೆ ನೆಲ ಒಣಗಿದ್ದರಿಂದ, ದೊಡ್ಡ ಕಳ್ಳಿಗಳು ಬೆಳೆದಿರುವ ಇಂಕಾವಾಸಿ ದ್ವೀಪದವರೆಗೂ ಜೀಪು ಹೋಗುತ್ತದೆ. ನೀರು ಜಾಸ್ತಿ ಇದ್ದಾಗ ಅಲ್ಲಿಗೆ ಹೋಗಲು ಆಗುವುದಿಲ್ಲ.

ಇನ್ನು ಎತ್ತರ. ಉಯುನಿ ಸಮುದ್ರ ಮಟ್ಟದಿಂದ ಸುಮಾರು 3,650 ಮೀಟರ್. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748. ಒಂದರ ಮೇಲೊಂದು ಎರಡು ತಡಿಯಂಡಮೋಳ್ ಇಟ್ಟರೂ ಉಪ್ಪಿನ ಬಯಲು ಇನ್ನೂ ಮೇಲೆಯೇ. ನನ್ನ ಭಾವ ಮಾತ್ರ, "ನಾವು ಬೆಟ್ಟದವರಲ್ವಾ, ಸುಮ್ನೆ ಹೆದರಬೇಡ" ಎನ್ನುತ್ತಲೇ ಇದ್ದರು. ವಾರಕ್ಕೆರಡು ಸಲ ಪುಷ್ಪಗಿರಿ ಹತ್ತಿದರೂ ಗಾಳಿ ತೆಳುವಾದ ಕಡೆ ಅದು ಲೆಕ್ಕಕ್ಕೆ ಬರುವುದಿಲ್ಲ. ಕಾಲಿಗೆ ಶಕ್ತಿ ಬರುತ್ತದೆ, ರಕ್ತಕ್ಕೆ ಆಮ್ಲಜನಕ ಸಾಲದೆ ಬರುವ ತಲೆನೋವು ನಿಲ್ಲುವುದಿಲ್ಲ. ಅದಕ್ಕೆ ಬೇಕಾದ್ದು ದೇಹ ಎತ್ತರಕ್ಕೆ ಒಗ್ಗಿಕೊಳ್ಳುವಷ್ಟು ದಿನಗಳು.

ಒಬ್ಬ ಏಜೆಂಟ್ ಕೊಟ್ಟ ಪ್ಲಾನ್‌ನಲ್ಲಿ ನೇರ ಎಲ್ ಆಲ್ಟೊ ವಿಮಾನ ನಿಲ್ದಾಣ, ಮರುದಿನವೇ ಉಯುನಿ. ಆ ನಿಲ್ದಾಣವೇ 4,000 ಮೀಟರ್‌ಗಿಂತ ಮೇಲಿದೆ! ನಾನು ಕಾಗದ ತೆಗೆದು ಊರಿನ ಹೆಸರಿನ ಮುಂದೆ ದೂರ ಬರೆಯುವ ಬದಲು ಎತ್ತರ ಬರೆದೆ. ಮೊದಲು ಸಾಂತಾ ಕ್ರೂಸ್, 400 ಚಿಲ್ಲರೆ ಮೀಟರ್. ಅಲ್ಲಿಂದ ವಿಮಾನದಲ್ಲಿ ಸುಕ್ರೆ, ಸುಮಾರು 2,800. ಸುಕ್ರೆಯಲ್ಲಿ ನಾಲ್ಕು ರಾತ್ರಿ. ಆಮೇಲೆ ಬಸ್ಸಿನಲ್ಲಿ ಪೊಟೊಸಿ ದಾಟಿ ಉಯುನಿ. ಪೊಟೊಸಿ 4,000ಕ್ಕೂ ಮೇಲೆ, ಆದ್ದರಿಂದ ಅಲ್ಲಿ ಮಲಗುವುದು ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ಬಸ್ ಬದಲಿಸುವಾಗ ಭಾವ ಶೌಚಾಲಯ ಹುಡುಕಿಕೊಂಡು ಒಂದು ಸಣ್ಣ ಏರು ಹತ್ತಿ ಬಂದರು. ಐದು ನಿಮಿಷ ಮಾತೇ ಹೊರಡಲಿಲ್ಲ. ಬೆಟ್ಟದವರು ಎಂಬ ಮಾತು ಅಲ್ಲಿಗೆ ನಿಂತಿತು.

ಡಾಕ್ಟರ್ ಸಲಹೆ ಮೇಲೆ ಎತ್ತರದ ತೊಂದರೆ ತಡೆಯುವ ಡಯಾಮಾಕ್ಸ್ ಮಾತ್ರೆ ತಂದಿದ್ದೆವು. ಬೆರಳ ತುದಿ ಜುಮ್ಮೆನ್ನುತ್ತದೆ, ಗಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕು. ಅಷ್ಟು ಬಿಟ್ಟರೆ ತೊಂದರೆಯಾಗಲಿಲ್ಲ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಅಲ್ಲಿಗೆ ಹೋಗಲು ಮಾತ್ರವಲ್ಲ, ವಾಪಸ್ ಬರುವಾಗಲೂ ನಮ್ಮ ವಿಮಾನ ನಿಲ್ದಾಣದಲ್ಲಿ ಆ ಹಳದಿ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಚುಚ್ಚಿಸಿಕೊಂಡು ಹತ್ತು ದಿನ ಆದ ಮೇಲೆಯೇ ಅದಕ್ಕೆ ಬೆಲೆ. ನಾವು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆವು. ಭಾವನಿಗೆ 61. ಅರವತ್ತು ದಾಟಿದವರಿಗೆ ಅಡ್ಡ ಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ ಎಂದು ಡಾಕ್ಟರ್ ಅವರ ಹಳೆಯ ಕಾಯಿಲೆಗಳನ್ನೆಲ್ಲ ವಿಚಾರಿಸಿಯೇ ಒಪ್ಪಿದ್ದು. ವಿಮೆ ಕೊಳ್ಳುವಾಗಲೂ ಸಣ್ಣ ಅಕ್ಷರ ಓದಿ. ಕೆಲವು ಪಾಲಿಸಿಗಳಲ್ಲಿ ಇಷ್ಟು ಮೀಟರ್ ಮೇಲೆ ಹೋದರೆ ದುಡ್ಡಿಲ್ಲ ಎಂದಿರುತ್ತದೆ.

ಬ್ಯಾಗಿಗೆ ಏನು ಹಾಕಬೇಕು ಎಂಬುದು ಎಲ್ಲರಿಗೂ ಗೊತ್ತು, ಬೆಚ್ಚನೆ ಬಟ್ಟೆ ಅಷ್ಟೇ. ನಾನು ಕಲಿತದ್ದು ಬೇರೆ. ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ, ಬಿಳಿ ನೆಲದಿಂದ ವಾಪಸ್ಸು ಹೊಡೆಯುತ್ತದೆ. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೆ ಕ್ರೀಮ್ ಹಚ್ಚಲು ಮರೆತೆ, ಅಲ್ಲೇ ಸುಲಿದು ಹೋಯಿತು.

ಬಯಲಿನ ಅಂಚಿನ ಕೊಲ್ಚಾನಿ ಹಳ್ಳಿಯಲ್ಲಿ ಉಪ್ಪನ್ನು ಕೆರೆದು, ಆರಲು ಸಣ್ಣ ಸಣ್ಣ ಗುಡ್ಡೆ ಮಾಡಿಟ್ಟಿರುತ್ತಾರೆ. ಥೇಟ್ ನಮ್ಮ ಕಣ. ಭಾವ ಗೊತ್ತಿಲ್ಲದೇ ಒಂದು ಗುಡ್ಡೆಯನ್ನು ಕಾಲಲ್ಲಿ ಕೆದಕಲು ಹೊರಟು ಬೈಸಿಕೊಂಡರು.

ಜೀಪು ವಿಚಾರದಲ್ಲಿ ಮಾತ್ರ ನಾನು ದುಡ್ಡು ಉಳಿಸಲಿಲ್ಲ. ಹಂಚಿಕೊಂಡ ಜೀಪಿನಲ್ಲಿ ಐದಾರು ಜನ. ಒಬ್ಬರಿಗೆ ತಲೆನೋವು ಬಂದರೆ ಉಳಿದವರು ವಾಪಸ್ ತಿರುಗಲು ಒಪ್ಪುತ್ತಾರಾ? ನಾವು ಮೂವರಿಗೇ ಒಂದು ತೆಗೆದುಕೊಂಡೆವು. ಹೊರಡುವ ಮುಂಚೆಯೇ, ಯಾವಾಗ ಹೇಳಿದರೂ ಕೆಳಗಿಳಿಸಬೇಕು, ಆಮ್ಲಜನಕದ ಸಿಲಿಂಡರ್ ಇರಬೇಕು ಎಂದು ಮಾತಾಡಿಕೊಂಡೆವು.

ಮೊದಲ ರಾತ್ರಿ ಬಯಲಿನ ಅಂಚಿನ ಉಪ್ಪಿನ ಇಟ್ಟಿಗೆಯ ಮನೆಯಲ್ಲಿ ಚೆನ್ನಾಗಿಯೇ ಮಲಗಿದೆವು. ಎರಡನೇ ರಾತ್ರಿ ಲಗೂನಾ ಕೊಲೊರಾಡಾ ಎಂಬ ಕೆಂಪು ಸರೋವರದ ಹತ್ತಿರ, ಸುಮಾರು 4,300 ಮೀಟರ್. ಒಂದೇ ದಿನಕ್ಕೆ ಇಷ್ಟು ಏರಿದ್ದು ನನ್ನ ತಪ್ಪು. ನಡುವೆ ಇನ್ನೊಂದು ರಾತ್ರಿ ಇಡಬೇಕಿತ್ತು. ಹೆಂಡತಿಗೆ ತಲೆ ಸಿಡಿಯುತ್ತಿತ್ತು, ವಾಂತಿಯೂ ಆಯಿತು. ಬೆಳಗಿನ ಜಾವ ಡ್ರೈವರ್ ಬಾಗಿಲು ಬಡಿದ. ಬಿಸಿ ನೀರಿನ ಬುಗ್ಗೆಗಳಿರುವ ಸೋಲ್ ದೆ ಮನ್ಯಾನಾ ಇನ್ನೂ ಮೇಲೆ, 4,800ರ ಮೇಲೆ. ಭಾವ ನನ್ನ ಮುಖ ನೋಡಿದರು. ಬೇಡ ಎಂದೆ.

ಜೀಪು ತಿರುಗಿಸಿ ಉಯುನಿಗೆ ಇಳಿದೆವು. ಮಧ್ಯಾಹ್ನದ ಹೊತ್ತಿಗೆ ಅವಳು ಎದ್ದು ಕೂತು ಕಾಫಿ ಕೇಳಿದಳು. ಹೋಟೆಲಿನವರು ಡಬ್ಬಿಯ ಪುಡಿ ತಂದಿಟ್ಟರು. ನಾನು ಬ್ಯಾಗಿನಿಂದ ನಮ್ಮ ಫಿಲ್ಟರ್ ತೆಗೆದೆ. ಆ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಅಕ್ಕಿ ಬೇಯಲು ಗೋಳು, ಡಿಕಾಕ್ಷನ್‌ಗೆ ಏನೂ ತೊಂದರೆಯಿಲ್ಲ.