ಟ್ಯಾಂಕಿಗೆ ಊರ ಮಣ್ಣು ಬಳಿದು ಕೆಟ್ಟೆ

1971ರ ಡಿಸೆಂಬರ್ 16ನೇ ತಾರೀಖು ಪಾಕಿಸ್ತಾನದ ಜೊತೆ ನಡೆದ ಬಸಂತರ್ ಯುದ್ಧದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹತ್ರ ಇದ್ದ ಸೆಂಚುರಿಯನ್ ಟ್ಯಾಂಕಿನ ಹೆಸರು ಫಮಗುಸ್ತ, ನಂಬರ್ ಜೆಎಕ್ಸ್ 202. ಟ್ಯಾಂಕಿಗೆ ಏಟು ಬಿದ್ಮೇಲೂ ಬಿಟ್ಟು ಇಳೀಲಿಲ್ಲ ಆ ಹುಡುಗ, ಆಗ 21 ವರ್ಷ, ಪರಮವೀರ ಚಕ್ರ ಬಂದಿದ್ದು ಸತ್ಮೇಲೆ. ನನ್ ಕೈಗೆ 1/35 ಸ್ಕೇಲಿನ, ಅಂದ್ರೆ ನಿಜದ 35ನೇ ಒಂದು ಭಾಗದಷ್ಟಿರೋ, ಸೆಂಚುರಿಯನ್ ಪ್ಲಾಸ್ಟಿಕ್ ಮಾಡೆಲ್ ಕಿಟ್ ಸಿಕ್ಕಾಗ ಬೇರೆ ಟ್ಯಾಂಕ್ ಮಾಡೋ ಯೋಚ್ನೆನೇ ಬರ್ಲಿಲ್ಲ. ಆದ್ರೆ ಡಬ್ಬೀಲಿ ಇದ್ದ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ತೆಳು ಚಿತ್ರ) ಶೀಟಲ್ಲಿ ಎಲ್ಲಾ ಬ್ರಿಟಿಷರ ನಂಬರ್‌ಗಳೇ, ನಮ್ಮದು ಒಂದೂ ಇಲ್ಲ.

ಅಂಟಿಸೋ ಕೆಲ್ಸ ಒಂದು ವಾರದಲ್ಲಿ ಮುಗೀತು. ಬಣ್ಣಕ್ಕೆ ಮುಂಚಿನ ತಳಕೋಟು ಪ್ರೈಮರ್ ಹೊಡೆಯಕ್ಕೆ ಕುವೆಂಪುನಗರದ ನಮ್ಮನೆ ಟೆರೇಸಿಗೆ ಹೋದೆ, ಆಷಾಢದ ಜಿಟಿಜಿಟಿ ಮಳೆ ನಿಂತಿದೆ ಅಂತ ಧೈರ್ಯ ಮಾಡಿ ಸ್ಪ್ರೇ ಕ್ಯಾನ್ ಹೊಡೆದ್ರೆ ಗಾಳೀಲಿದ್ದ ತೇವಕ್ಕೆ ಮೇಲೆಲ್ಲಾ ಬೂದಿ ಹಿಡಿದಂಗಾಯ್ತು. ಅದನ್ನ ಒರೆಸೋಣ ಅಂತ ಹಾರ್ಡ್‌ವೇರ್ ಅಂಗಡಿ ಎನ್‌ಸಿ ಥಿನ್ನರ್ ತಗೊಂಡೆ ನೋಡಿ, ಅದು ದೊಡ್ಡ ತಪ್ಪು. ಪೇಂಟ್ ಜೊತೆ ಪ್ಲಾಸ್ಟಿಕ್ಕೂ ಕರಗಿ ಎಡಗಡೆ ಫೆಂಡರು (ಮಡ್‌ಗಾರ್ಡು) ಸುಟ್ಟ ಹಪ್ಪಳದ ತರ ಮುರುಟ್ಕೊಂಡ್ತು. ಯುದ್ಧದಲ್ಲಿ ಡೊಂಕಾದ ಫೆಂಡರ್ ಅಂತ ಹಂಗೇ ಬಿಟ್ಟೆ, ಕೇಳಿದೋರಿಗೂ ಅದೇ ಹೇಳ್ತೀನಿ.

ಆಲಿವ್ ಗ್ರೀನ್ ಡಬ್ಬಿಯಿಂದ ಸೀದಾ ಹೊಡೆದ್ರೆ ಇಷ್ಟು ಚಿಕ್ಕ ಮಾಡೆಲ್ ಮೇಲೆ ಕಪ್ಪಾಗಿ ಕಾಣುತ್ತೆ, ಅದಕ್ಕೆ ಸ್ವಲ್ಪ ಬಫ್, ಅಂದ್ರೆ ತಿಳಿ ಹಳದಿ-ಕಂದು ಬಣ್ಣ ಸೇರಿಸಿ ನೀರು ಬೆರೆಸಿದ ಹಾಲಿನ ಹದಕ್ಕೆ ತಂದು ಏರ್‌ಬ್ರಷ್ಷಲ್ಲಿ ತೆಳ್ಳಗೆ ಮೂರು ಸಲ ಹೊಡೆದೆ. ಚಕ್ರಗಳು ಒಂದೊಂದು ಕಡೆ ಆರು ಜೋಡಿ, ಒಟ್ಟು 24, ಒಂದೊಂದನ್ನೂ ಟೂತ್‌ಪಿಕ್ಕಿಗೆ ಸಿಕ್ಕಿಸಿ ತಿರುಗಿಸ್ತಾ ರಬ್ಬರ್ ಅಂಚಿಗೆ ಗಾಢ ಬೂದು ಬಣ್ಣ ಮುಟ್ಟಿಸ್ಬೇಕು, ಅಚ್ಚ ಕಪ್ಪು ಹಾಕಿದ್ರೆ ಆಟದ ಸಾಮಾನು ಥರ ಕಾಣುತ್ತೆ. ಎರಡು ರಾತ್ರಿ ಹೋಯ್ತು. ಆಮೇಲೆ ಪಕ್ಕದ ತಗಡು ಕೂರಿಸಿದ್ರೆ ಮೇಲಿನ ಅರ್ಧ ಚಕ್ರ ಕಾಣೋದೇ ಇಲ್ಲ!

ಈಗ ಹೆಸರು. ಮನೆ ಪ್ರಿಂಟರಲ್ಲಿ ಬಿಳಿ ಇಂಕು ಇರಲ್ಲ, ಕೈಯಲ್ಲಿ ಬರೆದ್ರೆ ನನ್ನ ಅಕ್ಷರ ಡಾಕ್ಟರ್ ಚೀಟಿ. ಕೊನೆಗೆ ಬೈಕಿಗೆ ರೇಡಿಯಂ ಸ್ಟಿಕರ್ ಕಟ್ ಮಾಡೋ ಅಂಗಡಿಗೆ ಹೋದೆ. 'ಯಾವ ಬೈಕು ಸಾರ್' ಅಂದ. ಟ್ಯಾಂಕಿಗೆ ಅಂದೆ. 'ಪೆಟ್ರೋಲ್ ಟ್ಯಾಂಕ್ ಮೇಲೆ ಇಷ್ಟು ಸಣ್ಣದು ಕಾಣಲ್ಲ ಸಾರ್, ದೊಡ್ಡದು ಹಾಕಿಸಿ' ಅಂತ ಅವನ ಸಲಹೆ. ಐದು ಮಿಲಿಮೀಟರ್ ಎತ್ತರದ ಅಕ್ಷರ ಮಿಷಿನ್ನಲ್ಲಿ ನೀಟಾಗಿ ಬಂತು, ಮೂರಕ್ಕೆ ಇಳಿಸಿದ್ರೆ ವಿನೈಲ್ ಹರಿದು ಹೋಯ್ತು. ಹೆಸರು ಬರೋ ಜಾಗಕ್ಕೆ ಬಿಳಿ ಹೊಡೆದು, ಒಣಗಿದ್ಮೇಲೆ ಅಕ್ಷರ ಅಂಟಿಸಿ, ಅದರ ಮೇಲೆ ಇನ್ನೊಂದ್ ಸಲ ತೆಳ್ಳಗೆ ಬಿಳಿ, ಸಂದೀಲಿ ನುಗ್ಗಿದ್ರೂ ಬಿಳಿಯೇ ನುಗ್ಲಿ ಅಂತ, ಆಮೇಲೆ ಹಸಿರು. ಚಿಮಟದಲ್ಲಿ ಒಂದೊಂದೇ ಅಕ್ಷರ ಕಿತ್ತಾಗ ಫಮಗುಸ್ತ ಅಂತ ಎದ್ದು ಬಂತಲ್ಲ, ಆ ಖುಷಿಗೆ ಹೆಂಡ್ತೀನ ಅಡುಗೆಮನೆಯಿಂದ ಕರೆದು ತೋರಿಸ್ದೆ.

ನಂಬರ್ ಪ್ಲೇಟು ಇನ್ನೂ ಸಣ್ಣದು, ಸೇನೆ ನಂಬರಲ್ಲಿರೋ ಮೇಲ್ಮುಖ ಬಾಣ ಬೇರೆ ಇರ್ಬೇಕು. ಅದಕ್ಕೆ ಉಲ್ಟಾ ಐಡಿಯಾ: ಬಿಳಿ ಡೆಕಾಲ್ ಪೇಪರ್ ಮೇಲೆ ಕಪ್ಪು ಹಿನ್ನೆಲೆ ಮಾತ್ರ ಲೇಸರ್ ಪ್ರಿಂಟ್, ಬಾಣ ಅಕ್ಷರ ಎಲ್ಲಾ ಖಾಲಿ ಬಿಟ್ರೆ ಪೇಪರಿನ ಬಿಳಿಯೇ ಅಕ್ಷರ. ಮೊದಲನೇದನ್ನ ಮ್ಯಾಟ್ ಪೇಂಟ್ ಮೇಲೇ ಅಂಟಿಸಿ ಕೆಡಿಸ್ದೆ, ಒರಟು ಮೈ ಸಂದೀಲಿ ಗಾಳಿ ಸಿಕ್ಕಾಕೊಂಡು ಅಂಚೆಲ್ಲಾ ಬೆಳ್ಳಗೆ ಮಿಂಚ್ತಿತ್ತು. ಎರಡನೇ ಸಲ ಮೊದ್ಲು ಹೊಳಪಿನ ವಾರ್ನಿಶ್ ಹೊಡೆದು, ಡೆಕಾಲ್ ಮೆತ್ತಗೆ ಮಾಡೋ ಸಾಫ್ಟನರ್ ಹಾಕಿ ಕೂರಿಸ್ದೆ, ಪೇಂಟಲ್ಲೇ ಬರೆದಂಗೆ ಕೂತ್ಕೊಂಡ್ತು. ಸಂದುಗೊಂದುಗಳಿಗೆ ಬರ್ನ್ಟ್ ಅಂಬರ್ ಆಯಿಲ್ ಕಲರನ್ನ ಟರ್ಪೆಂಟೈನಲ್ಲಿ ತೆಳುಮಾಡಿ ಹರಿಸಿ, ಮೇಲೊಂದು ಮ್ಯಾಟ್ ಕೋಟು.

ಇಲ್ಲಿಗೆ ನಿಲ್ಲಿಸ್ಬೇಕಿತ್ತು. ಧೂಳಿನ ಎಫೆಕ್ಟಿಗೆ ಅಂಗಡಿ ಪಿಗ್ಮೆಂಟ್ (ಬಣ್ಣದ ಪುಡಿ) ಯಾಕೆ, ಒಂದ್ ಸಣ್ ಡಬ್ಬಿಗೆ ಅಷ್ಟ್ ದುಡ್ಡು ಕೊಡೋದು ಅಂತ ಪಾಂಡವಪುರದ ಹತ್ರ ನಮ್ಮ ಹೊಲದ ಮಣ್ಣು ತಂದು, ಬಾಣಲೇಲಿ ಹುರಿದು, ಅಮ್ಮನ ಹಳೇ ಸೀರೇಲಿ ವಸ್ತ್ರಗಾಳಿತ ಮಾಡಿ ಬಳಿದೆ. ಒಣಗಿದ್ಮೇಲೆ ನೋಡಿದ್ರೆ ಟ್ಯಾಂಕು ಬಸಂತರ್‌ನಿಂದಲ್ಲ, ಸೀದಾ ಮದ್ದೂರು ರೋಡಲ್ಲಿ ಬಂದಂಗಿತ್ತು, ಮೈಯೆಲ್ಲಾ ಕೆಂಪು. ಬಸಂತರ್ ಅಂದ್ರೆ ರಾವಿಗೆ ಸೇರೋ ಹೊಳೆ, ಅಲ್ಲಿರೋದು ಮೆಕ್ಕಲು ಮಣ್ಣು, ಮಾಸಲು ಬಣ್ಣ. ನಂಬರ್‌ಗೆ ಅಷ್ಟು ತಲೆ ಕೆಡಿಸ್ಕೊಂಡೋನು ಮಣ್ಣಿನ ಬಗ್ಗೆ ಒಂದ್ ನಿಮಿಷ ಯೋಚ್ನೆ ಮಾಡ್ಲಿಲ್ಲ.

ಟರ್ಪೆಂಟೈನ್ ಬ್ರಷ್ಷಲ್ಲಿ ಎರಡು ಸಂಜೆ ತೊಳೆದೆ. ಬೇಸಿಗೇಲಿ ನೀರು ನಿಲ್ಲಿಸಿದ್ದಾಗ ವಿಸಿ ನಾಲೆ ತಳದಲ್ಲಿ ಬಿರುಕು ಬಿಟ್ಟಿದ್ದ ಬೂದು ಗೋಡು ತಂದು ಪುಡಿ ಮಾಡಿ ಹಚ್ಚಿದೆ. ಹಸಿ ಇದ್ದಾಗ ಕಪ್ಪಗೆ ಕಂಡು ಹೆದರಿಸ್ತು, ಬೆಳಿಗ್ಗೆ ಹೊತ್ತಿಗೆ ಒಣಗಿ ಸರಿಯಾದ ಬಣ್ಣಕ್ಕೆ ಬಂತು. ಇಂಜಿನ್ ಗ್ರಿಲ್ ಸಂದೀಲಿ ಮಾತ್ರ ಇನ್ನೂ ಚೂರು ಕೆಂಪು ಕೂತಿದೆ, ಅಲ್ಲಿಗೆ ಬ್ರಷ್ ಹೋಗಲ್ಲ. ಷೋಕೇಸಲ್ಲಿ ಆ ಕಡೆ ಗೋಡೆಗೆ ತಿರುಗಿಸಿ ಇಟ್ಟಿದೀನಿ.