ಫರ್ಮ್‌ವೇರ್ ಬದಲಿಸಿದ ರೂಟರ್‌ನಲ್ಲಿ ವೈ-ಫೈ ನಿಧಾನವೇ? ದೋಷ ಹುಡುಕುವ ಕ್ರಮ ಇಲ್ಲಿದೆ

ರೂಟರ್‌ನ ಮೂಲ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಒಳ ತಂತ್ರಾಂಶ) ತೆಗೆದು ಓಪನ್‌ಡಬ್ಲ್ಯುಆರ್‌ಟಿಯಂಥ ಮುಕ್ತ ತಂತ್ರಾಂಶವನ್ನು ಅಳವಡಿಸಿಕೊಂಡವರಿಗೆ ಸಿಗುವ ಲಾಭ ಸಣ್ಣದಲ್ಲ. ತಯಾರಕರು ಕೈಬಿಟ್ಟ ಎಷ್ಟೋ ಮಾದರಿಗಳಿಗೆ ಅದು ಇಂದಿಗೂ ಭದ್ರತಾ ತಿದ್ದುಪಡಿಗಳನ್ನು ಒದಗಿಸುತ್ತಿದೆ. ಆದರೂ ವೈ-ಫೈ ವೇಗ ಕುಸಿಯಿತೆಂದು ಬೇಸತ್ತು ಹಳೆಯ ಫರ್ಮ್‌ವೇರ್‌ಗೇ ಮರಳುವವರಿದ್ದಾರೆ. ಹಾಗೆ ಮರಳುವ ಮುನ್ನ ಸ್ವಲ್ಪ ಸಮಯವನ್ನು ಪರೀಕ್ಷೆಗೆ ಮೀಸಲಿಡಬೇಕು. ಸಿಕ್ಕಸಿಕ್ಕ ಆಯ್ಕೆಗಳನ್ನು ಬದಲಿಸುತ್ತ ಹೋಗುವುದಕ್ಕಿಂತ ಮೊದಲು ಅಳೆದು ನೋಡುವುದೇ ಹತ್ತಿರದ ದಾರಿ. ಇಲ್ಲಿ ಹೇಳಿರುವ ಮೆನು ಹೆಸರುಗಳು ಓಪನ್‌ಡಬ್ಲ್ಯುಆರ್‌ಟಿಯ 'ಲೂಸಿ' ನಿರ್ವಹಣಾ ಪುಟಕ್ಕೆ ಸೇರಿದವು. ಇಂಥದೇ ಇನ್ನೊಂದು ಫರ್ಮ್‌ವೇರ್ ಆದ ಡಿಡಿ-ಡಬ್ಲ್ಯುಆರ್‌ಟಿಯಲ್ಲಿ ಹೆಸರುಗಳು ಬೇರೆಯಾದರೂ ಕ್ರಮ ಇದೇ.

ನಿಧಾನ ಎಲ್ಲಿದೆ?

ವೇಗ ಪರೀಕ್ಷಿಸುವ ಜಾಲತಾಣ ತೋರಿಸುವ ಅಂಕಿಯಲ್ಲಿ ಮೂರು ಸಂಗತಿಗಳು ಬೆರೆತಿರುತ್ತವೆ: ಹೊರಗಿನ ಇಂಟರ್ನೆಟ್ ಸಂಪರ್ಕ, ರೂಟರ್‌ನ ಪ್ರೊಸೆಸರ್ ಮತ್ತು ವೈ-ಫೈ ರೇಡಿಯೊ. ಇವನ್ನು ಬೇರ್ಪಡಿಸದೆ ಮುಂದೆ ಹೋಗಬಾರದು. ಮೊದಲು ಒಂದು ಕಂಪ್ಯೂಟರನ್ನು ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿ ಇಂಟರ್ನೆಟ್ ವೇಗ ನೋಡಿ. ಅಲ್ಲಿಯೂ ವೇಗ ಕಡಿಮೆಯಿದ್ದರೆ ವೈ-ಫೈಯನ್ನು ದೂರಿ ಪ್ರಯೋಜನವಿಲ್ಲ. ಅಂಕಿ 94 ಎಂಬಿಪಿಎಸ್ ಆಸುಪಾಸಿನಲ್ಲೇ ನಿಂತುಬಿಟ್ಟಿದ್ದರೆ, ಯಾವುದೋ ಒಂದು ಪೋರ್ಟ್ ಗಿಗಾಬಿಟ್‌ಗೆ ಬದಲಾಗಿ 100 ಎಂಬಿಪಿಎಸ್‌ನಲ್ಲಿ ಸಂಪರ್ಕಗೊಂಡಿದೆ ಎಂದು ಶಂಕಿಸಬಹುದು. ಗಿಗಾಬಿಟ್ ವೇಗಕ್ಕೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು. ಒಂದು ತಂತಿ ಕೆಟ್ಟರೂ ವೇಗ 100ಕ್ಕೆ ಇಳಿಯಬಹುದು.

ಬಳಿಕ ಅದೇ ಕಂಪ್ಯೂಟರಿನಲ್ಲಿ 'ಐಪರ್ಫ್3' ಎಂಬ, ಜಾಲದ ವೇಗ ಅಳೆಯುವ ಉಚಿತ ತಂತ್ರಾಂಶವನ್ನು ಸರ್ವರ್ ಆಗಿ ಚಾಲೂ ಮಾಡಿ, ವೈ-ಫೈಯಲ್ಲಿರುವ ಲ್ಯಾಪ್‌ಟಾಪ್‌ನಿಂದ ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿ. ಐಪರ್ಫ್ ಅನ್ನು ರೂಟರ್‌ನಲ್ಲೇ ಓಡಿಸುವುದು ತಪ್ಪು ಫಲಿತಾಂಶಕ್ಕೆ ದಾರಿ, ಏಕೆಂದರೆ ಅದರ ಪುಟ್ಟ ಪ್ರೊಸೆಸರ್ ದತ್ತಾಂಶವನ್ನು ಸಾಗಿಸುವುದರ ಜೊತೆಗೆ ಉತ್ಪಾದಿಸುವ ಹೊರೆಯನ್ನೂ ಹೊರಬೇಕಾಗುತ್ತದೆ. ರೂಟರ್‌ನಿಂದ ಎರಡು ಮೂರು ಮೀಟರ್ ದೂರದಲ್ಲಿ, ಪ್ರತಿ ಬಾರಿಯೂ ಒಂದೇ ಜಾಗದಲ್ಲಿ ಕುಳಿತು ಅಳೆಯಿರಿ ಮತ್ತು ಸಿಕ್ಕ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿಯೊಂದು ಬದಲಾವಣೆಯ ನಂತರವೂ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಎರಡು ಆಯ್ಕೆಗಳನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರದೆಂದು ತಿಳಿಯುವುದೇ ಇಲ್ಲ.

ಲಿಂಕ್ ದರವನ್ನು ಓದುವುದು

ಲೂಸಿಯ 'ಸ್ಟೇಟಸ್' ಪುಟದಲ್ಲಿ, ಸಂಪರ್ಕಗೊಂಡ ಸಾಧನಗಳ ಪಟ್ಟಿಯಲ್ಲಿ, ಪ್ರತಿ ಸಾಧನದ ಮುಂದೆ ಸಿಗ್ನಲ್ ಬಲ, ಚಾನೆಲ್ ಅಗಲ (ಬಳಸುವ ಆವರ್ತನ ಪಟ್ಟಿಯ ವಿಸ್ತಾರ) ಮತ್ತು ಲಿಂಕ್ ದರ (ರೂಟರ್ ಮತ್ತು ಸಾಧನ ತಮ್ಮ ನಡುವೆ ರೇಡಿಯೊದಲ್ಲಿ ಒಪ್ಪಿಕೊಂಡ ವೇಗ) ಕಾಣುತ್ತವೆ. ನನ್ನ ಮಟ್ಟಿಗೆ ಇಡೀ ತನಿಖೆಯಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಪುಟ ಇನ್ನೊಂದಿಲ್ಲ. ಸಿಗ್ನಲ್ ಮೈನಸ್ 50 ಡಿಬಿಎಂ ಆಸುಪಾಸಿನಲ್ಲಿದ್ದರೆ ಉತ್ತಮ, ಮೈನಸ್ 75ಕ್ಕಿಂತ ಕೆಳಗಿದ್ದರೆ ದುರ್ಬಲ. ಎರಡು ಆಂಟೆನಾಗಳ ಸಾಧನಕ್ಕೆ 802.11ಎನ್ ಎಂಬ ವೈ-ಫೈ ಮಾನದಂಡದಲ್ಲಿ 20 ಮೆಗಾಹರ್ಟ್ಸ್ ಅಗಲವಿದ್ದರೆ ಗರಿಷ್ಠ ಲಿಂಕ್ ದರ 144.4, 40 ಮೆಗಾಹರ್ಟ್ಸ್ ಇದ್ದರೆ 300 ಎಂಬಿಪಿಎಸ್, 802.11ಎಸಿಯಲ್ಲಿ 80 ಮೆಗಾಹರ್ಟ್ಸ್ ಇದ್ದರೆ 866.7 ಎಂಬಿಪಿಎಸ್. ಕೈಗೆ ಸಿಗುವ ನಿಜವಾದ ವೇಗ ಸಾಮಾನ್ಯವಾಗಿ ಇದರ ಅರ್ಧದಿಂದ ಮೂರನೆಯ ಎರಡು ಭಾಗದಷ್ಟು. ಹಾಗಾಗಿ 866.7ರ ಲಿಂಕ್‌ನಲ್ಲಿ 500 ಎಂಬಿಪಿಎಸ್ ಸಿಗುತ್ತಿದ್ದರೆ ಅಲ್ಲಿ ಸರಿಪಡಿಸಬೇಕಾದ ದೋಷವೇನೂ ಇಲ್ಲ.

ಲಿಂಕ್ ದರ 54 ಎಂಬಿಪಿಎಸ್ ದಾಟುತ್ತಲೇ ಇಲ್ಲವೆಂದರೆ ಕಾರಣವನ್ನು ಭದ್ರತಾ ಆಯ್ಕೆಯಲ್ಲಿ ಹುಡುಕಿ. 802.11ಎನ್ ಮತ್ತು ಅನಂತರದ ಮಾನದಂಡಗಳ ವೇಗ, ಹಳೆಯ ವೆಪ್ ಅಥವಾ ಟಿಕಿಪ್ ಗೂಢಲಿಪೀಕರಣದ ಜೊತೆ ದೊರೆಯುವುದಿಲ್ಲ. ಡಬ್ಲ್ಯುಪಿಎ2 ಅನ್ನು ಸಿಸಿಎಂಪಿಯೊಂದಿಗೆ ಅಥವಾ ಡಬ್ಲ್ಯುಪಿಎ3 ಅನ್ನು ಆರಿಸಿ, 'ಡಬ್ಲ್ಯುಎಂಎಂ' (ವೈ-ಫೈ ದತ್ತಾಂಶಕ್ಕೆ ಆದ್ಯತೆ ನಿಗದಿಪಡಿಸುವ) ಆಯ್ಕೆ ಚಾಲೂ ಇದೆಯೇ ನೋಡಿ. ಅದನ್ನು ನಿಷ್ಕ್ರಿಯಗೊಳಿಸಿದರೂ ವೇಗ ಇದೇ 54ಕ್ಕೆ ಇಳಿಯುತ್ತದೆ.

ದೇಶ, ಚಾನೆಲ್, ಅಗಲ

'ನೆಟ್‌ವರ್ಕ್' ಮೆನುವಿನ 'ವೈರ್‌ಲೆಸ್' ಪುಟದಲ್ಲಿ ಮೊದಲು ದೇಶದ ಸಂಕೇತವನ್ನು ನೋಡಿ. ಯಾವ ಚಾನೆಲ್‌ಗಳನ್ನು ಎಷ್ಟು ಶಕ್ತಿಯಲ್ಲಿ ಬಳಸಬಹುದೆಂಬುದನ್ನು ಅದು ನಿರ್ಧರಿಸುತ್ತದೆ. ರೂಟರ್ ಇರುವ ದೇಶವನ್ನೇ ನಮೂದಿಸಿ. ಹೆಚ್ಚು ಶಕ್ತಿಯ ಆಸೆಗೆ ಬೇರೆ ದೇಶವನ್ನು ಆರಿಸುವುದು ಕಾನೂನಿಗೂ ವಿರುದ್ಧ, ಅದರಿಂದ ವೇಗಕ್ಕೂ ಅಷ್ಟೇನೂ ಪ್ರಯೋಜನವಿಲ್ಲ. ರೂಟರ್ ಎಷ್ಟೇ ಗಟ್ಟಿಯಾಗಿ ಪ್ರಸಾರ ಮಾಡಿದರೂ ಫೋನ್‌ನ ಮರುಸಂದೇಶ ಅದರ ಸ್ವಂತ ಬಲದಲ್ಲಿಯೇ ರೂಟರನ್ನು ತಲುಪಬೇಕು.

2.4 ಗಿಗಾಹರ್ಟ್ಸ್‌ನಲ್ಲಿ ಒಂದನ್ನೊಂದು ಅತಿಕ್ರಮಿಸದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. 'ಚಾನೆಲ್ ಅನಾಲಿಸಿಸ್' ಪುಟದಲ್ಲಿ ಸುತ್ತಲಿನ ಜಾಲಗಳನ್ನು ನೋಡಿ ಇವುಗಳಲ್ಲಿ ದಟ್ಟಣೆ ಕಡಿಮೆಯಿರುವುದನ್ನು ಆರಿಸಿ. 'ಆಟೋ' ಆಯ್ಕೆಯನ್ನು ಪೂರ್ತಿ ನೆಚ್ಚಬೇಡಿ. ಅದು ರೇಡಿಯೊ ಶುರುವಾಗುವಾಗ ಒಮ್ಮೆ ಚಾನೆಲ್ ಆರಿಸುತ್ತದೆಯೇ ಹೊರತು ಅನಂತರದ ದಟ್ಟಣೆಯನ್ನು ಗಮನಿಸುತ್ತ ಇರುವುದಿಲ್ಲ. 40 ಮೆಗಾಹರ್ಟ್ಸ್ ಅಗಲವನ್ನು ಒತ್ತಾಯದಿಂದ ಹೇರುವ ಆಯ್ಕೆಯೂ ಅಲ್ಲಿದೆ. ಅಕ್ಕಪಕ್ಕದಲ್ಲಿ ಬೇರೆ ಜಾಲಗಳಿರುವಲ್ಲಿ ಅದನ್ನು ಮುಟ್ಟದಿರುವುದೇ ಲೇಸು, ಏಕೆಂದರೆ ಅದು ನೆರೆಯವರ ಸಂಪರ್ಕವನ್ನೂ ಕೆಡಿಸುತ್ತದೆ, ನಿಮ್ಮದನ್ನೂ ಅಸ್ಥಿರಗೊಳಿಸುತ್ತದೆ. ಯುಎಸ್‌ಬಿ 3.0 ಹಾರ್ಡ್ ಡಿಸ್ಕನ್ನು ರೂಟರ್‌ಗೆ ಸಿಕ್ಕಿಸಿದ್ದರೆ ಒಮ್ಮೆ ತೆಗೆದು ಪರೀಕ್ಷಿಸಿ. ಅದರ ಸಂಕೇತಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತವೆ ಎಂದು ಇಂಟೆಲ್ ಸಂಸ್ಥೆ 2012ರಲ್ಲೇ ಪ್ರಕಟಿಸಿದೆ.

ವೇಗ ಬೇಕಾದ ಸಾಧನಗಳ ಜಾಗ 5 ಗಿಗಾಹರ್ಟ್ಸ್‌ನಲ್ಲಿ. ಅಲ್ಲಿ 80 ಮೆಗಾಹರ್ಟ್ಸ್ ಅಗಲದಲ್ಲಿ 36ನೆಯ ಚಾನೆಲ್‌ನಿಂದ ಆರಂಭಿಸಿ. 52ರಿಂದ ಮೇಲಿನ ಹಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುವುದರಿಂದ ರೂಟರ್ ಕನಿಷ್ಠ 60 ಸೆಕೆಂಡು ಆಲಿಸಿದ ನಂತರವೇ ಪ್ರಸಾರ ಆರಂಭಿಸುತ್ತದೆ. ಆ ಹೊತ್ತಿನಲ್ಲಿ ಜಾಲದ ಹೆಸರು ಕಾಣದಿರುವುದು ದೋಷವಲ್ಲ.

ರೇಡಿಯೊ ಸರಿಯಿದ್ದರೆ ಪ್ರೊಸೆಸರ್ ನೋಡಿ

ಐಪರ್ಫ್ ಪರೀಕ್ಷೆಯಲ್ಲಿ ವೈ-ಫೈ ಚೆನ್ನಾಗಿದ್ದು ಇಂಟರ್ನೆಟ್ ಮಾತ್ರ ಕೇಬಲ್‌ನಲ್ಲೂ ನಿಧಾನವಾಗಿದ್ದರೆ, ಹೊರಗಿನ ಸಂಪರ್ಕ ಸರಿಯಿರುವ ಪಕ್ಷದಲ್ಲಿ, ಅಡಚಣೆ ವಿಳಾಸ ಬದಲಾವಣೆಯ (ಮನೆಯ ಸಾಧನಗಳ ಒಳ ವಿಳಾಸವನ್ನು ಹೊರಗಿನ ಇಂಟರ್ನೆಟ್ ವಿಳಾಸಕ್ಕೆ ಹೊಂದಿಸುವ, ಎನ್‌ಎಟಿ ಎಂಬ) ಕೆಲಸದಲ್ಲಿರಬಹುದು. ತಯಾರಕರ ಫರ್ಮ್‌ವೇರ್ ಇದನ್ನು ಅನೇಕ ಮಾದರಿಗಳಲ್ಲಿ ಪ್ರತ್ಯೇಕ ಯಂತ್ರಾಂಶಕ್ಕೆ ಒಪ್ಪಿಸಿರುತ್ತದೆ. ಮುಕ್ತ ಫರ್ಮ್‌ವೇರ್‌ನಲ್ಲಿ ಅದು ಪ್ರೊಸೆಸರ್ ಮೇಲೆ ಬೀಳಬಹುದು. 'ಫೈರ್‌ವಾಲ್' ಪುಟದಲ್ಲಿ 'ಸಾಫ್ಟ್‌ವೇರ್ ಫ್ಲೋ ಆಫ್‌ಲೋಡಿಂಗ್' ಚಾಲೂ ಮಾಡಿ ಮತ್ತೆ ಅಳೆಯಿರಿ. ಎಸ್‌ಕ್ಯೂಎಂ (ದಟ್ಟಣೆಯಿದ್ದಾಗ ವಿಳಂಬ ತಗ್ಗಿಸಲು ದತ್ತಾಂಶದ ಸರದಿಯನ್ನು ನಿರ್ವಹಿಸುವ ವ್ಯವಸ್ಥೆ) ಬಳಸುತ್ತಿರುವವರು ನೆನಪಿಡಬೇಕು: ಅದು ಪ್ರೊಸೆಸರ್ ಶಕ್ತಿಯನ್ನು ಬಹಳ ಬೇಡುತ್ತದೆ, ಆಫ್‌ಲೋಡಿಂಗ್ ಜೊತೆ ಪೂರ್ತಿಯಾಗಿ ಹೊಂದಿಕೊಳ್ಳುವುದೂ ಇಲ್ಲ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ.

ಚಿಪ್ ಮತ್ತು ಚಾಲಕ

ಇಷ್ಟೆಲ್ಲ ಮಾಡಿದರೂ ಲಿಂಕ್ ದರ ಏರದಿದ್ದರೆ ರೂಟರ್‌ನ ವೈ-ಫೈ ಚಿಪ್ ಯಾವುದೆಂದು ತಿಳಿದುಕೊಳ್ಳಿ. ಮೀಡಿಯಾಟೆಕ್ ಮತ್ತು ಕ್ವಾಲ್ಕಾಮ್ ಅಥೆರೋಸ್‌ನ ಬಹಳಷ್ಟು ಚಿಪ್‌ಗಳಿಗೆ ಒಳ್ಳೆಯ ಮುಕ್ತ ಚಾಲಕ ತಂತ್ರಾಂಶ (ಡ್ರೈವರ್) ಇದೆ. ಬ್ರಾಡ್‌ಕಾಮ್ ಚಿಪ್‌ಗಳ ಸ್ಥಿತಿ ಹಾಗಿಲ್ಲ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅವುಗಳಿಗೆ ಬೆಂಬಲ ಸೀಮಿತ, ಆಯ್ಕೆಗಳನ್ನು ಎಷ್ಟು ತಿರುವಿದರೂ ಆ ಕೊರತೆ ನೀಗದು. ಅಂಥ ಚಿಪ್ ಇರುವವರು ಚಿಪ್ ತಯಾರಕರದೇ ಚಾಲಕವನ್ನು ಬಳಸುವ ಡಿಡಿ-ಡಬ್ಲ್ಯುಆರ್‌ಟಿ ಅಥವಾ ಫ್ರೆಶ್‌ಟೊಮ್ಯಾಟೊ ತಮ್ಮ ಮಾದರಿಗೆ ಇದೆಯೇ ನೋಡಬೇಕು.

ಹೊಸ ಆವೃತ್ತಿಗೆ ಬಂದ ಮೇಲೆ ಮಾತ್ರ ವೇಗ ಕುಸಿದಿದ್ದರೆ ಹಳೆಯ ಸಂರಚನೆಯ ಅವಶೇಷಗಳೂ ಕಾರಣವಾಗಿರಬಹುದು. ಸಂರಚನೆಯ ಬ್ಯಾಕಪ್ ತೆಗೆದಿಟ್ಟು, ರೂಟರನ್ನು ಮೂಲಸ್ಥಿತಿಗೆ ತಂದು, ವೈ-ಫೈ ಆಯ್ಕೆಗಳನ್ನು ಬ್ಯಾಕಪ್‌ನಿಂದ ತುಂಬದೆ ಕೈಯಿಂದಲೇ ಹೊಸದಾಗಿ ನಮೂದಿಸಿ. ಆಗಲೂ ಸರಿಹೋಗದೆ, ಹಿಂದಿನ ಆವೃತ್ತಿಯಲ್ಲಿ ಅದೇ ಪರೀಕ್ಷೆ ಚೆನ್ನಾಗಿ ನಡೆದರೆ, ದೋಷ ಚಾಲಕದಲ್ಲಿರುವ ಸಾಧ್ಯತೆ ಹೆಚ್ಚು. ಆಗ ರೂಟರ್‌ನ ಮಾದರಿ, ಎರಡೂ ಆವೃತ್ತಿಗಳ ಸಂಖ್ಯೆ, ಚಾನೆಲ್, ಅಗಲ, ಕರ್ನಲ್ ಲಾಗ್ (ರೂಟರ್‌ನ ಕಾರ್ಯಾಚರಣಾ ವ್ಯವಸ್ಥೆ ಬರೆದಿಡುವ ದಾಖಲೆ) ಮತ್ತು ಬರೆದಿಟ್ಟ ಐಪರ್ಫ್ ಅಂಕಿಗಳನ್ನು ಸೇರಿಸಿ ಯೋಜನೆಯ ದೋಷವರದಿ ವಿಭಾಗಕ್ಕೆ ಕಳುಹಿಸಿ.