ಅತ್ತೆಯ ಹಿಡಿ ಲೆಕ್ಕ

ನಮ್ಮತ್ತೆ ಬೆಳಗ್ಗೆ ಒಲೆ ಮೇಲೆ ಎಸರು ಇಡುವ ಮೊದಲು ಮೂರು ಪಾಲು ತೆಗೆದಿಡುತ್ತಿದ್ದರು. ಒಂದು ಹಿಡಿ ಅಕ್ಕಿ ಮಠದ ಡಬ್ಬಿಗೆ. ಒಂದು ಹಿಡಿ ನವಣೆ ಮಹಡಿ ಮೇಲೆ ಬರುವ ಹಕ್ಕಿಗಳಿಗೆ. ಒಂದು ಬೊಗಸೆ ರಾಗಿ ಹಿಟ್ಟು ಬೀದಿ ನಾಯಿಗಳ ಬೋಸಿಗೆ. ಮನೆಯವರ ಲೆಕ್ಕ ಅದಾದ ಮೇಲೆ. ತಿಂಗಳ ಕೊನೆಗೆ ಅಕ್ಕಿ ಕಮ್ಮಿ ಬಿದ್ದರೂ ಆ ಹಿಡಿ ಸಣ್ಣದಾಗುತ್ತಿರಲಿಲ್ಲ. ನಮ್ಮ ಅನ್ನಕ್ಕೆ ನೀರು ಸ್ವಲ್ಪ ಜಾಸ್ತಿ ಬೀಳುತ್ತಿತ್ತು, ಅಷ್ಟೇ.

ನಮ್ಮ ಮನೆ ಇರುವುದು ತುಮಕೂರಿನ ಕ್ಯಾತ್ಸಂದ್ರದಲ್ಲಿ. ತಟ್ಟೆ ಇಡ್ಲಿಗೆ ಅಂತ ಹೈವೇಯಲ್ಲಿ ಕಾರು ನಿಲ್ಲಿಸುವವರಿಗೆ ಈ ಹೆಸರು ಗೊತ್ತಿರುತ್ತದೆ. ಇಲ್ಲಿಂದ ಸಿದ್ಧಗಂಗಾ ಮಠಕ್ಕೆ ನಡೆದೇ ಹೋಗಬಹುದು. ಡಬ್ಬಿ ತುಂಬಿದ ಸೋಮವಾರ ಅತ್ತೆ ಅದನ್ನು ಹೊತ್ತುಕೊಂಡು ಹೊರಡುತ್ತಿದ್ದರು. ಅಲ್ಲಿ ಹತ್ತು ಸಾವಿರದ ಹತ್ತಿರ ಮಕ್ಕಳು ಉಂಡು, ಓದುತ್ತಾರೆ. "ನಮ್ಮ ಒಂದು ಡಬ್ಬಿ ಅಕ್ಕಿ ಯಾವ ಮೂಲೆಗೆ ಸಾಲುತ್ತೆ ಅತ್ತೆ?" ಅಂತ ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. ಡಬ್ಬಿ ನನ್ನ ಕೈಗೆ ಕೊಟ್ಟು, "ತಗೋ, ಇವತ್ತು ನೀನು ಹೊತ್ಕೋ" ಅಂದರು.

ನಾನು ಗುಬ್ಬಿ ಕಡೆಯವಳು. ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದವಳು. ಈ ಮನೆಯ ಬಾಗಿಲಲ್ಲಿ ಬೆಳಗ್ಗೆ ಏಳಕ್ಕೇ ಐದಾರು ನಾಯಿ ಕೂತಿರುತ್ತಿದ್ದವು. ಒಳಗೆ ಅತ್ತೆ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಭಕ್ತಿಯಿಂದಲ್ಲ ಬಿಡಿ. ಪೂಜೆ ಮುಗಿದರೆ ಬೋಸಿ ಬರುತ್ತದೆ ಅನ್ನುವುದು ಅವಕ್ಕೆ ಗೊತ್ತಿತ್ತು.

2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಅವತ್ತೂ ಮಾರನೇ ದಿನವೂ ಊರಿನ ತುಂಬ ಜನ. ಅತ್ತೆ ಒಂದು ಕಡೆ ಅಳುತ್ತಲೇ ಇನ್ನೊಂದು ಕಡೆ ನಾಯಿಗಳನ್ನೆಲ್ಲ ನಮ್ಮ ಹಿತ್ತಲಿಗೆ ಕರೆದು ಬಾಗಿಲು ಹಾಕಿದರು. ಇಷ್ಟು ಜನರ ಕಾಲಿಗೆ ಸಿಕ್ಕರೆ ಅವಕ್ಕೂ ಕಷ್ಟ, ಜನಕ್ಕೂ ಕಷ್ಟ ಅಂತ. ಆಮೇಲೆ ಕೊಡಪಾನ, ಲೋಟ ತಗೊಂಡು ರಸ್ತೆ ಬದಿಗೆ ಹೋದವರು ಕತ್ತಲಾದರೂ ಬರಲಿಲ್ಲ. ಬಂದವರಿಗೆಲ್ಲ ನೀರು ಕೊಡುತ್ತಾ ನಿಂತುಬಿಟ್ಟಿದ್ದರು.

2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂತಲ್ಲ, ಆಗ ಅವರಿಗೆ ಎಪ್ಪತ್ತು ದಾಟಿತ್ತು. ಲಸಿಕೆ ಹಾಕುವವರ ಜೊತೆ ಮನೆ ಮನೆಗೆ ಹೋಗಿ ಹಸುಗಳ ಹಗ್ಗ ಹಿಡಿದರು. ದೇವಿ ಮುನಿದಿದ್ದಾಳೆ, ಸೂಜಿ ಬೇಡ ಅಂದವರೊಬ್ಬರಿಗೆ "ದೇವಿ ಹತ್ರ ನಾನು ಮಾತಾಡ್ತೀನಿ, ನೀವು ಹಸು ಹಿಡ್ಕೊಳ್ಳಿ" ಅಂದಿದ್ದು ನಮ್ಮ ಬೀದಿಯಲ್ಲಿ ಇವತ್ತಿಗೂ ನಗುವ ಮಾತು.

ಅತ್ತೆ ತೀರಿಕೊಂಡಿದ್ದು ಒಂದು ಆಷಾಢದಲ್ಲಿ. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದರು. ನಾಯಿಗಳು ಹೋಗಲಿಲ್ಲ. ಪೂಜೆಯ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಿದ್ದವು. ನಾನು ಕಿಟಕಿಯಲ್ಲಿ ನೋಡುತ್ತಿದ್ದೆ, ಬಾಗಿಲು ತೆಗೆಯಲು ಧೈರ್ಯ ಬರುತ್ತಿರಲಿಲ್ಲ.

ಎರಡು ವಾರ ಕಳೆದ ಮೇಲೆ ಧೈರ್ಯ ಬಂತು. ಬಂದಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಅತ್ತೆಯ ಹೆಸರಲ್ಲಿ ದೊಡ್ಡದಾಗಿ ಏನಾದರೂ ಮಾಡಬೇಕು ಅನ್ನಿಸಿತು. ವಾಟ್ಸಾಪ್ ಗ್ರೂಪ್ ಮಾಡಿ ನೆಂಟರ ಹತ್ತಿರ ದುಡ್ಡು ಕೂಡಿಸಿದೆ. ಅವರ ಫೋಟೋ ಹಾಕಿ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದೆ. ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯಿಸಿ ಗೇಟಿನ ಮುಂದೆಯೇ ಸುರಿದೆ. ವಾರದಲ್ಲಿ ಆರು ನಾಯಿ ಹದಿನಾಲ್ಕಾದವು. ಪಕ್ಕದ ಬೀದಿಯವು ಬಂದವು, ಕಚ್ಚಾಟ ಶುರುವಾಯಿತು. ಉಳಿದ ಅನ್ನ ಹಳಸಿ ನಾರತೊಡಗಿತು. ಒಂದು ಸಂಜೆ ಆ ಕಚ್ಚಾಟದ ನಡುವೆ ಸೈಕಲ್‌ನಲ್ಲಿ ಬಂದ ಎದುರುಮನೆ ಹುಡುಗನ ಕಾಲಿಗೆ ಹಲ್ಲು ತಾಗಿತು.

ತಪ್ಪು ನನ್ನದೇ. ಹುಡುಗನ ಅಜ್ಜಿ ಅರಿಶಿನ ತರಲು ಒಳಗೆ ಓಡಿದರು. ನಾನು ಅವನನ್ನು ನಲ್ಲಿ ಕೆಳಗೆ ಕೂರಿಸಿ ಸೋಪು ಹಚ್ಚಿ ತೊಳೆದೆ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬಾರದು, ಹರಿಯುವ ನೀರು ಮತ್ತು ಸೋಪು ಅಷ್ಟೇ ಅಂತ ಅತ್ತೆಯೇ ಹೇಳಿಕೊಟ್ಟಿದ್ದು. ಅಲ್ಲಿಂದ ನೇರ ಆಸ್ಪತ್ರೆಗೆ. ಮೊದಲ ದಿನ ರೇಬೀಸ್ ಲಸಿಕೆ, ಎರಡೂ ತೋಳಿಗೆ ಒಂದೊಂದು ಇಂಜೆಕ್ಷನ್, ಅಲ್ಲಿಂದ 3, 7 ಮತ್ತು 28ನೇ ದಿನಕ್ಕೆ ಮತ್ತೆ ಹಾಗೇ. ನಾಲ್ಕು ಸಲವೂ ಅವನ ಅಮ್ಮನ ಜೊತೆ ನಾನೂ ಹೋದೆ. ಮೊದಲ ಎರಡು ಸಲ ಅವರು ನನ್ನ ಜೊತೆ ಮಾತಾಡಲಿಲ್ಲ. ಮೂರನೇ ಸಲ ಆಟೋದಲ್ಲಿ, "ನಿಮ್ಮತ್ತೆ ಇದ್ದಾಗ ಹೀಗಾಗ್ತಿರ್ಲಿಲ್ಲ ಕಣ್ರೀ" ಅಂದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದು ಫ್ಲೆಕ್ಸ್ ಬಿಚ್ಚಿದೆ. ಗ್ರೂಪಿನ ದುಡ್ಡು ಅವರವರಿಗೆ ವಾಪಸ್ ಹಾಕಿದೆ. ಮಾರನೇ ದಿನ ದನದ ಆಸ್ಪತ್ರೆಯ ಡಾಕ್ಟರ ಹತ್ತಿರ ಹೋಗಿ ಕೂತೆ. ಅವರು ಅತ್ತೆಯನ್ನು ಬಲ್ಲವರು. ಅವರು ಹೇಳಿದ್ದರಲ್ಲಿ ಅರ್ಧ ಅತ್ತೆ ಮೊದಲಿಂದಲೂ ಮಾಡುತ್ತಿದ್ದದ್ದೇ. ನಾನು ನೋಡಿಯೂ ನೋಡಿರಲಿಲ್ಲ.

ಮೊದಲು ಜಾಗ ಬದಲಿಸಿದೆ. ಗೇಟು, ಮೆಟ್ಟಿಲು, ಮಕ್ಕಳು ಆಡುವ ಜಾಗ ಇವುಗಳ ಹತ್ತಿರ ಊಟ ಹಾಕಬಾರದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲೂ ಅದು ಇದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಗೊತ್ತುಮಾಡಿದ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಹಾಕಬೇಡಿ ಅಂದಿತು. ಬೀದಿಯವರನ್ನೂ ಪಾಲಿಕೆಯವರನ್ನೂ ಕೇಳಿ ಖಾಲಿ ಸೈಟಿನ ಹಿಂದಿನ ಮೂಲೆ ಹಿಡಿದೆ. ಅತ್ತೆ ಬಾಗಿಲಲ್ಲಿ ಕಾಯುವ ನಾಯಿಗಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಬೋಸಿ ಇಡುತ್ತಿದ್ದರು. ತಿಂದು ಮುಗಿಸುವ ತನಕ ನಿಂತಿದ್ದು, ಬೋಸಿ ತೊಳೆದು ವಾಪಸ್ ತರುತ್ತಿದ್ದರು. ಸುಮ್ನೆ ಅಲ್ಲ ಅದು. ಉಳಿದದ್ದು ಬಿಟ್ಟು ಬಂದರೆ ಇಲಿ ಬರುತ್ತವೆ, ಬೇರೆ ಬೀದಿ ನಾಯಿ ಬರುತ್ತವೆ.

ಅಡುಗೆಯೂ ಇಳಿಯಿತು. ಒಂದು ಬೊಗಸೆ ರಾಗಿ ಹಿಟ್ಟಿನ ಗಟ್ಟಿ ಅಂಬಲಿ, ಅದಕ್ಕೆ ಮನೆಯಲ್ಲಿ ಉಳಿದ ಅನ್ನ, ಸ್ವಲ್ಪ ಹಾಲು. ಉಪ್ಪು ಹಾಕಲ್ಲ. ಈರುಳ್ಳಿ ಬಿದ್ದ ಸಾರು ಹಾಕಲ್ಲ, ಈರುಳ್ಳಿ ನಾಯಿಗೆ ವಿಷ. ಇಷ್ಟಕ್ಕೆ ಹೊಟ್ಟೆ ತುಂಬಲ್ಲ ಅಂತ ನೀವು ಹೇಳಬಹುದು. ತುಂಬಬೇಕಾಗಿಯೂ ಇಲ್ಲ. ಇಡ್ಲಿ ಅಂಗಡಿಗಳಿರುವ ಊರು, ಅವು ಉಪವಾಸ ಬಿದ್ದಿಲ್ಲ. ಈ ಬೋಸಿ ಇರುವುದು ಅವು ದಿನಾ ಒಂದೇ ಹೊತ್ತಿಗೆ ಒಂದೇ ಕಡೆ ಬರಲಿ, ನಮ್ಮ ಕೈಗೆ ಪಳಗಲಿ ಅಂತ. ಪಳಗಿದರೆ ತಾನೆ ಸೂಜಿ ಹಾಕಿಸಲು ಆಗುವುದು? ಹದಿನಾಲ್ಕರಲ್ಲಿ ಎಂಟು ತಾವಾಗಿಯೇ ತಮ್ಮ ಬೀದಿಗೆ ಹೋದವು.

ಮುಟ್ಟಲು ನನಗೆ ಒಂದು ತಿಂಗಳು ಹಿಡಿಯಿತು. ಮೊದಲ ವಾರ ಬೋಸಿ ಇಟ್ಟು ದೂರ ನಿಲ್ಲುವುದು. ಎರಡನೇ ವಾರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡದೆ. ಆಮೇಲೆ ಗದ್ದದ ಕೆಳಗಿಂದ ಕೈ ತರುವುದು. ತಲೆ ಮೇಲಿಂದ ಕೈ ತಂದರೆ ಹೊಡೆಯುತ್ತಾರೆ ಅಂದುಕೊಳ್ಳುತ್ತವೆ. ಲಸಿಕೆಯ ದಿನ ಡಾಕ್ಟರು ಐಸ್ ಡಬ್ಬದಲ್ಲಿ ಮದ್ದು ತಂದರು. ಅದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕಂತೆ. ನಾನು ಹಗ್ಗದ ಕುಣಿಕೆ ಹಾಕಿ ಕತ್ತು ಹಿಡಿದೆ, ಅವರು ಹೆಗಲ ಹತ್ತಿರದ ಚರ್ಮ ಎತ್ತಿ ಚುಚ್ಚಿದರು. ಒಂದೊಂದಕ್ಕೆ ಅರ್ಧ ನಿಮಿಷವೂ ಆಗಲಿಲ್ಲ. ನನ್ನ ಕೈ ಮಾತ್ರ ಮಧ್ಯಾಹ್ನದ ತನಕ ನಡುಗುತ್ತಿತ್ತು. ಮರಿಗಳಿಗೆ ಮೂರು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ, ಆಮೇಲೆ ವರ್ಷ ವರ್ಷ. ಎರಡು ಹೆಣ್ಣು ನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯೂ ಆಯಿತು. ಎಡಕಿವಿಯ ತುದಿ ಕತ್ತರಿಸಿ ಗುರುತು ಮಾಡಿ, ಎತ್ತಿಕೊಂಡು ಹೋದ ಬೀದಿಗೇ ತಂದು ಬಿಟ್ಟರು.

ಲೆಕ್ಕ ಬರೆಯುವುದು ಅತ್ತೆಯ ಹಳೆ ಡೈರಿಯಲ್ಲಿ. ಅವರ ಕೈಬರಹದಲ್ಲಿ ನಾಯಿಗಳ ಹೆಸರು, ಯಾವುದು ಯಾವಾಗ ಮರಿ ಹಾಕಿತು ಎಲ್ಲಾ ಇದೆ. ಅದರ ಕೆಳಗೆ ನಾನು ಲಸಿಕೆಯ ತಾರೀಖು ಬರೆಯುತ್ತೇನೆ.

ಶಿವರಾತ್ರಿಗೆ ಮಠದಲ್ಲಿ ದನಗಳ ಜಾತ್ರೆ. ಆಗ ನಮ್ಮ ಮನೆ ಮುಂದಿನ ಸಿಮೆಂಟ್ ತೊಟ್ಟಿಗೆ ಕೆಲಸ ಜಾಸ್ತಿ. ಜಾತ್ರೆಗೆ ಹೋಗುವ ಎತ್ತುಗಳು ಇಲ್ಲಿ ನೀರು ಕುಡಿಯುತ್ತವೆ. ಅತ್ತೆ ಜಾತ್ರೆಗೆ ವಾರ ಮೊದಲು ತೊಟ್ಟಿ ಉಜ್ಜಿ ಒಳಗೆ ಸುಣ್ಣ ಬಳಿಯುತ್ತಿದ್ದರು, ಪಾಚಿ ಕಟ್ಟದಿರಲಿ ಅಂತ. ಒಂದು ಮೂಲೆಯಲ್ಲಿ ಇಟ್ಟಿಗೆ ಜೋಡಿಸುತ್ತಿದ್ದರು. ಅಳಿಲೋ ಹಕ್ಕಿಯೋ ಬಿದ್ದರೆ ಹತ್ತಿ ಬರಲಿ ಅಂತ. ಅದನ್ನು ನಾನು ಮರೆತಿದ್ದೆ. ಈ ಸಲ ಎದುರುಮನೆಯ ಹುಡುಗನೇ ಇಟ್ಟಿಗೆ ತಂದು ಇಟ್ಟ. "ಅಜ್ಜಿ ಇಡ್ತಿದ್ರಲ್ವಾ ಆಂಟಿ" ಅಂದ. ಹಳ್ಳಿಕಾರ್ ಜೋಡಿ ಹಿಡಿದುಕೊಂಡು ಬಂದ ಯಜಮಾನರೊಬ್ಬರು ಎತ್ತುಗಳಿಗೆ ನೀರು ತೋರಿಸಿ, ಒಳಗೆ ಇಣುಕಿ "ಎಲ್ಲವ್ವ, ಅಮ್ಮ ಕಾಣಲಿಲ್ಲ?" ಅಂತ ಕೇಳಿದರು. ಹೇಳಿದೆ. ಅವರು ಟವೆಲ್ ತೆಗೆದು ಹೆಗಲಿಂದ ಕೈಗೆ ಹಾಕಿಕೊಂಡು ಸ್ವಲ್ಪ ಹೊತ್ತು ನಿಂತರು.

ಆರು ನಾಯಿಗಳಲ್ಲಿ ಐದಕ್ಕೆ ಲಸಿಕೆ ಆಗಿದೆ. ಉಳಿದಿರುವುದು ಕರಿಯ. ನನ್ನ ಕೈಯಿಂದ ತಿನ್ನುತ್ತಾನೆ, ಮುಟ್ಟಲು ಹೋದರೆ ಎರಡು ಮಾರು ಹಿಂದೆ ಸರಿಯುತ್ತಾನೆ. ಡೈರಿಯಲ್ಲಿ ಅವನ ಹೆಸರಿನ ಮುಂದೆ ಜಾಗ ಖಾಲಿ. ಅತ್ತೆಯ ತೊಡೆ ಮೇಲೆ ತಲೆ ಇಟ್ಟು ಮಲಗುತ್ತಿದ್ದವನು. ನಾಯಿ ಗುರುತು ಹಿಡಿಯುವುದು ಮೂಗಿನಿಂದ ಅಂತ ಡಾಕ್ಟರು ಹೇಳಿದರು. ಬುಧವಾರ ಅವರು ಮತ್ತೆ ಬರುತ್ತಾರೆ. ಟ್ರಂಕಿನಲ್ಲಿ ಅತ್ತೆಯ ಒಂದು ನೂಲಿನ ಸೀರೆ ಒಗೆಯದೆ ಹಾಗೇ ಇಟ್ಟಿದ್ದೇನೆ, ಇನ್ನೂ ವಿಭೂತಿಯ ವಾಸನೆ ಇದೆ. ಅವತ್ತು ಅದನ್ನೇ ಉಟ್ಟು ನೋಡುತ್ತೇನೆ.